ಪರದೆಯ ಮಳೆ, ಮಸ್ಕಿ ದಾರಿಯ ರಾಡಿ

ಮಳೆ ಹಿಡಿದ ಭಾನುವಾರ ಸಿಂಧನೂರಿನ ಯಾವ ಮನೆಯಲ್ಲಾದರೂ ನಡೆಯಬಹುದಾದ ಮಾತು ಇದು. ಮಗ ಮೊಬೈಲ್ ಹಿಡಿದು ಕಾರ್ ರೇಸ್ ಆಡುತ್ತಿದ್ದಾನೆ. ಹೊರಗೂ ಮಳೆ, ಪರದೆಯ ಮೇಲೂ ಮಳೆ. ಕಾರು ತಿರುವಿನಲ್ಲಿ ಜಾರಿ, ಗೋಡೆಗೆ ಬಡಿದು, ಕ್ಷಣದಲ್ಲಿ ಮತ್ತೆ ದಾರಿಗೆ ಬಂದು ನಿಲ್ಲುತ್ತದೆ.

‘ಯಪ್ಪಾ, ಗಾಡಿ ಚಾವಿ ಕೊಡು. ಮಸ್ಕಿಗೆ ಹೋಗಿ ಬರ್ತೀನಿ.’

‘ಮಳಿ ಬರಾಕತ್ತೈತಿ, ಕಾಣಂಗಿಲ್ಲೇನು?’

‘ಬಂದ್ರ ಬರ್ಲಿ ಬಿಡು. ಮಳ್ಯಾಗ ಹೆಂಗ ಹೊಡೀಬೇಕಂತ ನನಗ ಗೊತ್ತೈತಿ.’

ಗೊತ್ತಿದೆ ಎಂಬ ಮಗನ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆಟದಿಂದ ಅವನು ಕಲಿತದ್ದೆಷ್ಟು, ಆಟ ಅವನಿಂದ ಮುಚ್ಚಿಟ್ಟದ್ದೆಷ್ಟು ಎಂದು ಬಿಡಿಸಿ ನೋಡದೆ ಅಪ್ಪ ಗದರಿಸಿದರೆ ಮಗ ಆಟವನ್ನೂ ಬಿಡುವುದಿಲ್ಲ, ಚಾವಿಯ ಆಸೆಯನ್ನೂ ಬಿಡುವುದಿಲ್ಲ.

ವಿಡಿಯೋ ಗೇಮಿನ ಕಾರುಗಳಿಗೆ ಜಾರುವುದನ್ನು ಕಲಿಸಿದ ಕಥೆ ಹಳೆಯದು. 1983ರಲ್ಲಿ ಬಂದ ‘ಎಂಡ್ಯೂರೋ’ ಎಂಬ ಆಟದಲ್ಲಿ ಹಿಮ ಬಿದ್ದ ದಾರಿ ಬಂದೊಡನೆ ಕಾರು ಹೇಳಿದ ಮಾತು ಕೇಳುತ್ತಿರಲಿಲ್ಲ. ತೊಂಬತ್ತರ ದಶಕದ ಮಧ್ಯದಲ್ಲಿ ಬಂದ ‘ಸೆಗಾ ರ್‍ಯಾಲಿ’ ಡಾಂಬರಿಗೆ ಒಂದು ಹಿಡಿತ, ಮಣ್ಣಿಗೆ ಇನ್ನೊಂದು ಹಿಡಿತ ಎಂದು ಬೇರೆ ಮಾಡಿ ತೋರಿಸಿತು. ಅದೇ ಕಾಲಕ್ಕೆ ನಮ್ಮ ಊರುಗಳ ಕಂಪ್ಯೂಟರ್ ಕ್ಲಾಸುಗಳಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಆಡುತ್ತಿದ್ದ ‘ರೋಡ್ ರ್‍ಯಾಶ್’ನಲ್ಲಿ ಮಳೆಯ ಗೊಡವೆಯೇ ಇರಲಿಲ್ಲ, ಅಲ್ಲಿ ಪಕ್ಕದವನನ್ನು ಒದೆಯುವುದೇ ಮುಖ್ಯ. 2000ದಲ್ಲಿ ಜೆಫ್ ಕ್ರಾಮಂಡ್ ಅವರ ‘ಗ್ರ್ಯಾಂಡ್ ಪ್ರಿ 3’ ಮಳೆಯನ್ನು ತಂದಿತು. 2010ರ ‘ಎಫ್1 2010’ ಆಟದಲ್ಲಂತೂ ಮಳೆ ನಿಂತ ಮೇಲೆ ಕಾರುಗಳು ಓಡಿದ ಜಾಡು ಮೊದಲು ಒಣಗುವುದನ್ನೂ ಕಾಣಬಹುದಿತ್ತು.

ಈ ಆಟಗಳ ಹಿಂದಿನ ಲೆಕ್ಕ ತಮಾಷೆಯದಲ್ಲ. ಟೈರು ಎಷ್ಟು ಜಾರಿದರೆ ಎಷ್ಟು ಹಿಡಿತ ಉಳಿಯುತ್ತದೆ ಎಂಬುದಕ್ಕೆ ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಸೇಕಾ ಒಂದು ಸೂತ್ರ ಕಟ್ಟಿದರು. ಅದಕ್ಕೆ ‘ಮ್ಯಾಜಿಕ್ ಫಾರ್ಮುಲಾ’ ಎಂದೇ ಹೆಸರು. ಕಾರು ತಯಾರಿಸುವ ಎಂಜಿನಿಯರುಗಳು ಬಳಸುವ ಈ ಬಗೆಯ ಲೆಕ್ಕವನ್ನೇ ಒಳ್ಳೆಯ ರೇಸಿಂಗ್ ಆಟಗಳೂ ಬಳಸುತ್ತವೆ. ಅಗ್ಗದ ಆಟಗಳು ಮಾತ್ರ ಮಳೆ ಬಂತೆಂದರೆ ಹಿಡಿತದ ಅಂಕಿಯನ್ನು ಒಂದಿಷ್ಟು ಕಡಿಮೆ ಮಾಡಿ, ಪರದೆಗೆ ನಾಲ್ಕು ಹನಿ ಚಿಮುಕಿಸಿ ಕೈ ತೊಳೆದುಕೊಳ್ಳುತ್ತವೆ.

ಟೈರಿನ ಹಿಡಿತವನ್ನು ಸಂತೆಗೆ ಒಯ್ದ ದುಡ್ಡಿನ ಹಾಗೆ ಎಣಿಸಿದರೆ ವಿಷಯ ಸುಲಭ. ಒಣ ರಸ್ತೆಯಲ್ಲಿ ಟೈರಿನ ಕಿಸೆಯಲ್ಲಿ 100 ರೂಪಾಯಿ ಇದೆ ಎನ್ನೋಣ. ಬ್ರೇಕಿಗೂ ಅದರಲ್ಲೇ ಖರ್ಚು, ತಿರುಗುವುದಕ್ಕೂ ಅದರಲ್ಲೇ ಖರ್ಚು, ವೇಗ ಹೆಚ್ಚಿಸುವುದಕ್ಕೂ ಅದರಲ್ಲೇ. ಆದರೆ ಈ ಸಂತೆಯ ಲೆಕ್ಕ ಕೂಡುವ ಕಳೆಯುವ ಲೆಕ್ಕವಲ್ಲ, ಹತ್ತನೇ ತರಗತಿಯ ಪೈಥಾಗೊರಸನ ಲೆಕ್ಕ. ಬ್ರೇಕಿಗೆ 80 ಖರ್ಚು ಮಾಡಿದರೆ ತಿರುವಿಗೆ 60 ಉಳಿಯುತ್ತದೆ. 80ರ ವರ್ಗಕ್ಕೆ 60ರ ವರ್ಗ ಕೂಡಿಸಿದರೆ 100ರ ವರ್ಗ. ಬ್ರೇಕಿಗೇ ಪೂರಾ 100 ಸುರಿದರೆ ತಿರುವಿಗೆ ಉಳಿಯುವುದು ಸೊನ್ನೆ. ಆಗ ಸ್ಟೇರಿಂಗ್ ಎಷ್ಟು ತಿರುವಿದರೂ ಕಾರು ನೆಟ್ಟಗೆ ಹೋಗಿ ಗೋಡೆಗೆ ಬಡಿಯುತ್ತದೆ. ಮಳೆ ಬಂದಾಗ ಕಿಸೆಯಲ್ಲಿ ಇರುವುದೇ 60 ರೂಪಾಯಿ. ಒಣಗಿದ ದಿನದ ಚಾಳಿಯಂತೆ 80 ಖರ್ಚು ಮಾಡಲು ಹೊರಟವನು ಸಾಲಗಾರನಾಗುತ್ತಾನೆ, ಆ ಸಾಲ ಕೊಡುವವರು ಯಾರೂ ಇಲ್ಲ.

ಇದು ತಿಳಿದರೆ ಆಟದಲ್ಲಿ ಮಳೆಯ ಓಟ ಗೆಲ್ಲುವ ಉಪಾಯಗಳೆಲ್ಲ ತಾವಾಗಿಯೇ ಹೊಳೆಯುತ್ತವೆ. ತಿರುವು ಬರುವ ಮೊದಲೇ, ಕಾರು ನೆಟ್ಟಗಿರುವಾಗಲೇ ಬ್ರೇಕಿನ ಕೆಲಸ ಮುಗಿಸಬೇಕು. ತಿರುವಿನಿಂದ ಹೊರಬರುವಾಗ ಎಂದಿಗಿಂತ ಒಂದು ಗೇರು ಮೇಲಿದ್ದರೆ ಎಂಜಿನ್ನಿನ ಎಳೆತ ಕಡಿಮೆಯಾಗಿ ಹಿಂದಿನ ಗಾಲಿ ಸುಮ್ಮನೆ ಸುತ್ತುವುದಿಲ್ಲ. ಆ್ಯಕ್ಸಿಲರೇಟರನ್ನು ಒಮ್ಮೆಲೇ ಒತ್ತಬಾರದು, ಒಮ್ಮೆಲೇ ಬಿಡಲೂಬಾರದು. ಟ್ರ್ಯಾಕಿನ ಅಂಚಿಗೆ ಬಣ್ಣ ಬಳಿದ ಕಟ್ಟೆಗಳನ್ನು ಮುಟ್ಟಬಾರದು. ನೆನೆದ ಬಣ್ಣ ಡಾಂಬರಿಗಿಂತ ಹೆಚ್ಚು ಜಾರುತ್ತದೆ.

ಇನ್ನೊಂದು ಉಪಾಯ ಅಷ್ಟು ಬೇಗ ಹೊಳೆಯುವುದಲ್ಲ. ಒಣ ದಿನ ಎಲ್ಲ ಕಾರುಗಳೂ ಓಡುವ ಜಾಡಿನಲ್ಲಿ ಟೈರಿನ ರಬ್ಬರು ಸವೆದು ಅಂಟಿ, ಎಣ್ಣೆಯೂ ಸೇರಿ ನುಣುಪಾಗಿರುತ್ತದೆ. ಒಣಗಿದ್ದಾಗ ಒಳ್ಳೆಯ ಹಿಡಿತ ಕೊಡುವ ಅದೇ ಜಾಡು ಮಳೆ ಬಂದೊಡನೆ ಶತ್ರುವಾಗುತ್ತದೆ. ಬಲ್ಲವರು ಆ ಜಾಡು ಬಿಟ್ಟು, ಒರಟಾಗಿ ಉಳಿದ ಹೊರಗಿನ ಡಾಂಬರನ್ನು ಹುಡುಕಿಕೊಂಡು ಹೋಗುತ್ತಾರೆ. 1993ರ ಏಪ್ರಿಲ್ 11ರಂದು ಇಂಗ್ಲೆಂಡಿನ ಡಾನಿಂಗ್ಟನ್‌ನಲ್ಲಿ ಬ್ರೆಜಿಲ್‌ನ ಐರ್ಟನ್ ಸೆನ್ನಾ ನೆನೆದ ಟ್ರ್ಯಾಕಿನ ಮೊದಲ ತಿರುವಿನ ಹೊತ್ತಿಗೆ ಐದನೆಯವರಾಗಿದ್ದರು. ಆ ಸುತ್ತು ಮುಗಿಯುವುದರೊಳಗೆ ಮೊದಲನೆಯವರಾಗಿದ್ದರು. ಮಳೆಯ ಓಟ ಎಂದರೆ ಇಂದಿಗೂ ಆ ಒಂದು ಸುತ್ತನ್ನೇ ನೆನೆಯುವವರಿದ್ದಾರೆ.

ಟೈರಿನ ಮಾತಿಲ್ಲದೆ ಮಳೆಯ ಮಾತು ಮುಗಿಯದು. ಟೈರಿನ ಮೇಲಿನ ಗೀರುಗಳು ಇರುವುದು ಅಂದಕ್ಕಲ್ಲ, ನೀರನ್ನು ಅಕ್ಕಪಕ್ಕಕ್ಕೆ ಹೊರದೂಡುವುದಕ್ಕೆ. ಫಾರ್ಮುಲಾ ಒನ್ ಕಾರಿನ ದೊಡ್ಡ ಮಳೆಯ ಟೈರು ಗಂಟೆಗೆ 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 85 ಲೀಟರ್ ನೀರು ಹೊರಚೆಲ್ಲುತ್ತದೆ ಎಂದು ಅದನ್ನು ತಯಾರಿಸುವ ಪಿರೆಲ್ಲಿ ಕಂಪನಿ ಹೇಳುತ್ತದೆ. ನೀರು ಹೊರಹೋಗಲು ದಾರಿ ಸಿಗದಿದ್ದರೆ ಟೈರು ನೀರಿನ ಮೇಲೆ ತೇಲತೊಡಗುತ್ತದೆ. ಅಮೆರಿಕದ ನಾಸಾ ಸಂಸ್ಥೆ ಅರವತ್ತರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಪರೀಕ್ಷೆ ನಡೆಸಿ, ತೇಲುವ ವೇಗ ಟೈರಿನೊಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ ಎಂದು ಕಂಡುಕೊಂಡಿತು. ಆ ಲೆಕ್ಕದಂತೆ 32 ಪೌಂಡ್ ಗಾಳಿ ಇರುವ ಕಾರಿನ ಟೈರು, ನಿಂತ ನೀರಿನಲ್ಲಿ ಗಂಟೆಗೆ 94 ಕಿ.ಮೀ. ಆಸುಪಾಸಿಗೆ ತೇಲಬಹುದು. ಗಾಳಿ ಕಡಿಮೆ ಇದ್ದರೆ, ಟೈರು ಬೋಳಾಗಿದ್ದರೆ ಅದಕ್ಕೂ ಮೊದಲೇ.

ಇಲ್ಲಿಯವರೆಗೆ ಮಗನ ಪಾಲಿಗೆ ಅಂಕ. ಚೆನ್ನಾಗಿ ಆಡುವ ಹುಡುಗ ಅಥವಾ ಹುಡುಗಿ ಇಷ್ಟನ್ನು ಬೆರಳ ತುದಿಯಲ್ಲಿ ಕಲಿತಿರಬಹುದು. ಆದರೆ ಒಂದು ಪ್ರಶ್ನೆ ಕೇಳಲೇಬೇಕು: ಆಟದ ‘ಸೆಟ್ಟಿಂಗ್’ನಲ್ಲಿ ಏನಿದೆ? ಮೊಬೈಲಿನ ಬಹುಪಾಲು ರೇಸಿಂಗ್ ಆಟಗಳಲ್ಲಿ ಬ್ರೇಕಿನ ಸಹಾಯ, ಸ್ಟೇರಿಂಗ್ ಸಹಾಯ, ಗಾಲಿ ಸುತ್ತದಂತೆ ತಡೆಯುವ ಸಹಾಯ ಎಲ್ಲವೂ ಮೊದಲೇ ಚಾಲೂ ಇರುತ್ತವೆ. ಓಡಿಸುತ್ತಿರುವವನು ಹುಡುಗ ಎಂದು ಕಾಣುತ್ತದೆ, ಅರ್ಧ ಓಡಿಸುತ್ತಿರುವುದು ಯಂತ್ರ. ಆ ಸಹಾಯಗಳನ್ನೆಲ್ಲ ಆರಿಸಿ ಮಳೆಯ ಟ್ರ್ಯಾಕಿನಲ್ಲಿ ಮೂರು ಸುತ್ತು ಆಡಲಿ. ಪಕ್ಕದಲ್ಲಿ ಅಪ್ಪನೋ ಅವ್ವನೋ ಕುಳಿತು ಎಷ್ಟು ಸಲ ಗೋಡೆಗೆ ಬಡಿಯಿತೆಂದು ಎಣಿಸಲಿ. ಬೈಗುಳಕ್ಕಿಂತ ಆ ಎಣಿಕೆಗೆ ಬೆಲೆ ಹೆಚ್ಚು.

ಇನ್ನು ರಸ್ತೆ. ಸಿಂಧನೂರಿನಿಂದ ಮಸ್ಕಿ ಹಾಯ್ದು ಲಿಂಗಸುಗೂರಿಗೆ ಸುಮಾರು 50 ಕಿ.ಮೀ. ದಾರಿ. ಯಾವ ಆಟದ ಕಂಪನಿಯೂ ಈ ದಾರಿಯನ್ನು ಪರದೆಗೆ ತಂದಿಲ್ಲ, ತಂದರೂ ಅದರ ಮಳೆಗಾಲವನ್ನು ತರುವುದು ಕಷ್ಟ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಗದ್ದೆಯಿಂದ ಎದ್ದು ಬಂದ ಟ್ರ್ಯಾಕ್ಟರು ತನ್ನ ಗಾಲಿಗೆ ಹತ್ತಿದ ಎರೆಮಣ್ಣನ್ನು ಡಾಂಬರಿನ ಮೇಲೆ ಹೆಂಟೆ ಹೆಂಟೆಯಾಗಿ ಉದುರಿಸುತ್ತಾ ಹೋಗುತ್ತದೆ. ಕೇಜ್‌ವೀಲ್ ಬಿಚ್ಚದೆ ರಸ್ತೆಗೆ ಬಂದ ಟ್ರ್ಯಾಕ್ಟರಾದರೆ ಮಣ್ಣಿನ ಜೊತೆಗೆ ಡಾಂಬರಿಗೂ ಗಾಯ. ಸುಗ್ಗಿಯಲ್ಲಿ ರಸ್ತೆಯ ಒಂದು ಬದಿಗೆ ಭತ್ತ ಒಣಹಾಕಿ, ಸುತ್ತ ಕಲ್ಲು ಇಟ್ಟಿರುವುದೂ ಉಂಟು. ಆ ಕಲ್ಲು ಕತ್ತಲಲ್ಲಿ ಕಾಣುವುದಿಲ್ಲ, ತುಂತುರು ಬಿದ್ದ ಕಾಳಿನ ಮೇಲೆ ಗಾಲಿ ನಿಲ್ಲುವುದಿಲ್ಲ.

ಎರೆಮಣ್ಣು ಬೇರೆ ಮಣ್ಣಿನಂತಲ್ಲ. ಅದರಲ್ಲಿರುವ ಮಾಂಟ್‌ಮಾರಿಲೊನೈಟ್ ಎಂಬ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿದ್ದು, ಹಾಳೆಗಳ ನಡುವೆ ನೀರು ಹೀರಿಕೊಂಡು ಉಬ್ಬುತ್ತವೆ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವುದೂ ಇದರಿಂದಲೇ, ಮಳೆಯಲ್ಲಿ ಕಾಲು ಜಾರುವುದೂ ಇದರಿಂದಲೇ. ಒಂದು ಹದದಲ್ಲಿ ಅದು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಡಿಯನ್ನೇ ನಿಲ್ಲಿಸುತ್ತದೆ, ಇನ್ನೊಂದಿಷ್ಟು ನೀರು ಬಿದ್ದರೆ ಸೋಪಿನಂತೆ ಜಾರುತ್ತದೆ. ಆಟದ ಮಳೆಗೆ ಈ ಎರಡು ಮುಖ ಇಲ್ಲ. ಬಹಳ ದಿನದ ಬಿಸಿಲಿನ ಮೇಲೆ ಬೀಳುವ ಮೊದಲ ಮಳೆಯ ಮೊದಲ ಕಾಲುಗಂಟೆಯಂತೂ ಇನ್ನೂ ಕೆಟ್ಟದ್ದು. ರಸ್ತೆಯ ಮೇಲೆ ಕೂತ ಡೀಸೆಲ್, ಎಣ್ಣೆ, ಧೂಳು ಎಲ್ಲ ನೀರಿನೊಡನೆ ಕಲಸಿ ತೆಳುವಾದ ಪೊರೆಯಾಗುತ್ತದೆ. ಜೋರು ಮಳೆ ಅದನ್ನು ತೊಳೆಯುತ್ತದೆ, ತುಂತುರು ತೊಳೆಯುವುದಿಲ್ಲ.

ಆಟದ ಕಾರಿಗೆ ನಾಲ್ಕು ಗಾಲಿ. ಚಾವಿ ಕೇಳಿದ್ದು ಎರಡು ಗಾಲಿಯ ಗಾಡಿಯದು. ಕಾರು ಜಾರಿದರೆ ಅಡ್ಡ ತಿರುಗಿ ನಿಲ್ಲುತ್ತದೆ, ಬೈಕಿನ ಮುಂದಿನ ಗಾಲಿ ಜಾರಿದರೆ ಸವಾರ ನೆಲದ ಮೇಲೆ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಹೊಸ ಬೈಕುಗಳಿಗೆ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು. ಅದು ಗಾಲಿ ಪೂರ್ತಿ ನಿಂತು ಜಾರದಂತೆ ತಡೆಯುತ್ತದೆ, ಕಿಸೆಯ 60 ರೂಪಾಯಿಯನ್ನು 100 ಮಾಡುವುದಿಲ್ಲ. ಮನೆಯಲ್ಲಿರುವ ಹಳೆಯ ಗಾಡಿಗೆ ಅದೂ ಇರಲಿಕ್ಕಿಲ್ಲ.

ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಏನೋ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೆ ಅಷ್ಟು ದೂರ ಸುಮ್ಮನೆ ಹೋಯಿತು. ಒಣ ಡಾಂಬರಿನ ಘರ್ಷಣೆಯ ಅಂಕಿ 0.7 ಎಂದು ಹಿಡಿದರೆ ಅಲ್ಲಿಂದ ನಿಲ್ಲಲು 20 ಮೀಟರ್, ನೆನೆದ ಡಾಂಬರಿನದು 0.4 ಎಂದು ಹಿಡಿದರೆ 35 ಮೀಟರ್. ಹೆಚ್ಚಾದ ಈ 15 ಮೀಟರಿನಲ್ಲಿ ಟ್ರೇಲರ್ ಕಟ್ಟಿದ ಒಂದು ಟ್ರ್ಯಾಕ್ಟರು ನಿಲ್ಲಬಹುದು. ಹಿಂದೆ ದೀಪವಿಲ್ಲದ ಟ್ರೇಲರುಗಳು ಎಷ್ಟು ಎಂಬುದು ಈ ದಾರಿಯಲ್ಲಿ ಸಂಜೆ ಬಂದವರಿಗೆಲ್ಲ ಗೊತ್ತು.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳಿತು. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಕಾನೂನಿನ ಮಾತೂ ತಂದೆತಾಯಿಗಳಿಗೆ ತಿಳಿದಿರಲಿ. ಗೇರಿನ ಬೈಕಿಗೆ 18 ತುಂಬಿರಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನಂತೆ, ಗಾಡಿ ಓಡಿಸುವಾಗ ಅಪ್ರಾಪ್ತ ವಯಸ್ಸಿನ ಮಗ ಅಪರಾಧ ಎಸಗಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಅಲೆಯುವ ಹೊತ್ತಿನಲ್ಲಿ ಲೈಸೆನ್ಸ್ ಇಲ್ಲದಿರುವುದೆಂದರೆ ಏನೆಂದು ದೊಡ್ಡ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಳೆಯ ಭಾನುವಾರ ಚಾವಿಯ ಬದಲು ಕೈಗೆ ಕೊಡಬಹುದಾದ ಕೆಲಸವೊಂದಿದೆ. ಪಂಕ್ಚರ್ ಅಂಗಡಿಯಿಂದ ಹಳೆಯ ಟೈರಿನ ಅಂಗೈಯಗಲದ ತುಂಡು ತರಬೇಕು. ಒರಟಾದ ಹಲಗೆಯ ಮೇಲೆ ಅದನ್ನಿಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಬೇಕು. ತುಂಡು ಜಾರತೊಡಗಿದ ಕ್ಷಣ ನಿಲ್ಲಿಸಿ, ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರ, ಕೆಳಗೆ ನೆಲದ ಮೇಲಿನ ಅಳತೆ ಎಷ್ಟು ಎಂದು ಬರೆದುಕೊಳ್ಳಬೇಕು. ಎತ್ತರವನ್ನು ನೆಲದ ಅಳತೆಯಿಂದ ಭಾಗಿಸಿದರೆ ಬರುವುದೇ ಘರ್ಷಣೆಯ ಅಂಕಿ. ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ತೆಗೆದುಕೊಂಡು, ಅದರ ವರ್ಗವನ್ನು 19.6ರಿಂದಲೂ ಈ ಅಂಕಿಯಿಂದಲೂ ಭಾಗಿಸಿದರೆ ನಿಲ್ಲುವ ದೂರ ಸಿಗುತ್ತದೆ. ಹಲಗೆ ಡಾಂಬರಲ್ಲ, ಹಾಗಾಗಿ ಉತ್ತರ ಮಸ್ಕಿ ರಸ್ತೆಯದಾಗುವುದಿಲ್ಲ. ಒಣ ಹಲಗೆಗೂ ನೆನೆದ ಹಲಗೆಗೂ ಇರುವ ಅಂತರ ಮಾತ್ರ ಕಣ್ಣಿಗೆ ಕಾಣುತ್ತದೆ.

ಕೊನೆಗೆ ಹೊಲದ ಎರೆಮಣ್ಣನ್ನು ತಂದು ಹಲಗೆಗೆ ತೆಳುವಾಗಿ ಬಳಿದು ಅದೇ ಪರೀಕ್ಷೆ ಮಾಡಬೇಕು. ಒಂದು ಚಮಚ ನೀರು ಹಾಕಿದಾಗ ಒಂದು ಸಲ, ಎರಡಾದಾಗ ಒಂದು ಸಲ, ಮೂರಾದಾಗ ಮತ್ತೊಂದು ಸಲ. ಮೊದಲು ಟೈರಿನ ತುಂಡು ಹಲಗೆಗೆ ಅಂಟಿಕೊಂಡೀತು. ಎಷ್ಟನೆಯ ಚಮಚಕ್ಕೆ ಅದು ಎಲ್ಲಕ್ಕಿಂತ ಕಡಿಮೆ ಎತ್ತರದಲ್ಲೇ ಜಾರುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಲಿಂಗಸುಗೂರಿನ ಕಡೆ ಮಸಾರಿ ಹೊಲ ಇರುವವರು ಆ ಕೆಂಪು ಮಣ್ಣನ್ನೂ ಒಂದು ಹಿಡಿ ತಂದು ಪಕ್ಕದಲ್ಲಿ ಬಳಿದು ನೋಡಬಹುದು.