ಬೊಜ್ಜಿಗೆ ಬಲೂನು: ಜಾಹೀರಾತು ಹೇಳದ ಮಾತು

ಹೊಟ್ಟೆ ಕೊಯ್ಯದೆ ಬೊಜ್ಜು ಇಳಿಸುತ್ತೇವೆ ಎನ್ನುವ ಜಾಹೀರಾತುಗಳು ನಮ್ಮ ಮೊಬೈಲುಗಳಲ್ಲಿ ಆಗಾಗ ಕಾಣಿಸುತ್ತಿವೆ. ಇದು ದುಡ್ಡಿದ್ದವರ ಸೋಮಾರಿತನ ಎಂದು ನಮ್ಮಲ್ಲಿ ಕೆಲವರು ನಗುತ್ತಾರೆ. ಇನ್ನು ಕೆಲವರು ಇದೇನೋ ಜಾದೂ ಎಂದುಕೊಳ್ಳುತ್ತಾರೆ. ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ.

ಮೊದಲು ವಿಷಯ ತಿಳಿಯೋಣ. ಎಂಡೋಸ್ಕೋಪ್ ಎಂದರೆ ತುದಿಯಲ್ಲಿ ಕ್ಯಾಮೆರಾ ಇರುವ, ಬಾಗುವ ಕೊಳವೆ. ಅದರ ನೆರವಿನಿಂದ ಬಾಯಿಯ ಮೂಲಕ ಜಠರಕ್ಕೆ ಸಿಲಿಕೋನ್ ಬಲೂನು ಇಳಿಸಿ, 400ರಿಂದ 700 ಮಿ.ಲೀ. ಉಪ್ಪುನೀರು ತುಂಬುತ್ತಾರೆ. ಜಾಗ ಕಡಿಮೆಯಾಗುವುದರಿಂದ ಬೇಗ ಹೊಟ್ಟೆ ತುಂಬುತ್ತದೆ. ಆ ನೀರಿಗೆ ನೀಲಿ ಬಣ್ಣ ಬೆರೆಸುವುದುಂಟು. ಬಲೂನು ಸೋರಿದರೆ ಮೂತ್ರದ ಬಣ್ಣ ಬದಲಾಗಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಗೆ ಅದನ್ನು ತೆಗೆಯುತ್ತಾರೆ. ಇನ್ನೊಂದು ವಿಧಾನ ಎಂಡೋಸ್ಕೋಪಿಕ್ ಸ್ಲೀವ್ ಗ್ಯಾಸ್ಟ್ರೋಪ್ಲಾಸ್ಟಿ. ಇದರಲ್ಲಿ ಒಳಗಿನಿಂದಲೇ ಹೊಲಿಗೆ ಹಾಕಿ ಜಠರವನ್ನು ಅಂಗಿಯ ತೋಳಿನಂತೆ ಕಿರಿದಾಗಿಸುತ್ತಾರೆ. ಹೊರಗೆ ಗಾಯವಿರುವುದಿಲ್ಲ.

ನಗುವವರಿಗೆ ಒಂದು ಲೆಕ್ಕ. ಈ ಹೊಲಿಗೆ ವಿಧಾನದ ಬಗ್ಗೆ ಅಮೆರಿಕದಲ್ಲಿ 209 ಜನರ ಮೇಲೆ ನಡೆದ ಅಧ್ಯಯನ 2022ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಜೊತೆಗೆ ಆಹಾರ, ವ್ಯಾಯಾಮದ ಸಲಹೆ ಪಡೆದವರು ಒಂದು ವರ್ಷದಲ್ಲಿ ಸರಾಸರಿ ಶೇ. 13.6ರಷ್ಟು ತೂಕ ಕಳೆದುಕೊಂಡರು. ಬರೀ ಸಲಹೆ ಪಡೆದವರು ಕಳೆದುಕೊಂಡದ್ದು ಶೇ. 0.8 ಮಾತ್ರ. ತಜ್ಞರ ಸಲಹೆಯೇ ಇಷ್ಟು ಮಾಡಿದರೆ, ‘ಸ್ವಲ್ಪ ಕಮ್ಮಿ ತಿನ್ನು’ ಎಂಬ ನಮ್ಮ ಕುಹಕ ಏನು ಮಾಡೀತು?

ಜಾದೂ ಎನ್ನುವವರಿಗೂ ಒಂದು ಮಾತು. ಬಲೂನು ಹಾಕಿದ ಮೊದಲ ದಿನಗಳಲ್ಲಿ ವಾಕರಿಕೆ, ವಾಂತಿ ಸಾಮಾನ್ಯ. ಬಲೂನು ತೆಗೆದ ಮೇಲೆ ಹಳೆಯ ಊಟವೇ ಮುಂದುವರಿದರೆ ತೂಕವೂ ಮರಳುತ್ತದೆ. ಬಲೂನು ಹಾಕಿಸಿಕೊಂಡ ಕೆಲವರ ಸಾವಿನ ಬಗ್ಗೆ 2017ರಲ್ಲಿ ಅಮೆರಿಕದ ಎಫ್‌ಡಿಎ ವೈದ್ಯರಿಗೆ ಎಚ್ಚರಿಕೆ ನೀಡಿತ್ತು. ಅಂಥದ್ದು ವಿರಳ ನಿಜ, ಆದರೆ ಶಸ್ತ್ರಚಿಕಿತ್ಸೆಯಿಲ್ಲ ಎಂದರೆ ಅಪಾಯವೇ ಇಲ್ಲ ಎಂದಲ್ಲ. ಈ ಚಿಕಿತ್ಸೆಗಳು ಮುಖ್ಯವಾಗಿ ವಯಸ್ಕರಿಗಾಗಿ ಇವೆ, ಬೆಳೆಯುತ್ತಿರುವ ನಮ್ಮ ವಯಸ್ಸಿನವರಿಗಲ್ಲ.

ನನ್ನ ಚಿಂತೆ ಬೇರೆಯೇ ಇದೆ. ನಮ್ಮ ಸಂಬಂಧಿಕರ ಮನೆಗೆ ಹುಡುಗಿ ನೋಡಲು ಬಂದವರು, ಮೊದಲು ಇವಳು ತೂಕ ಇಳಿಸಲಿ ಎಂದು ಹೇಳಿ ಹೋದರು. ಮರುದಿನವೇ ಮನೆಯವರು ಬಲೂನಿನ ಖರ್ಚು ವಿಚಾರಿಸಿದರು. ಆಕೆಗೆ ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡವಿಲ್ಲ, ನಡೆದಾಡಲು ಕಷ್ಟವೂ ಇಲ್ಲ. ಹಾಗಾದರೆ ಆ ಚಿಕಿತ್ಸೆ ಯಾರ ಕಾಯಿಲೆಗೆ?

ಬೊಜ್ಜಿನಿಂದ ನಿಜಕ್ಕೂ ಆರೋಗ್ಯ ಕೆಟ್ಟವರು ವೈದ್ಯರೊಂದಿಗೆ ಕೂತು ಮಾತಾಡಿ ಈ ಚಿಕಿತ್ಸೆ ಪಡೆದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಣ್ಣು ಮಂಜಾದವರು ಕನ್ನಡಕ ಹಾಕಿಕೊಂಡರೆ ನಾವು ನಗುತ್ತೇವೆಯೇ? ಆದರೆ ಬೇರೆಯವರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಯಾರೂ ತಮ್ಮ ಜಠರಕ್ಕೆ ಹೊಲಿಗೆ ಹಾಕಿಸಿಕೊಳ್ಳಬೇಕಾಗಿಲ್ಲ.

ನಮ್ಮ ತರಗತಿಗಳಲ್ಲಿ ‘ಡುಮ್ಮ’, ‘ಆನೆಮರಿ’ ಎಂಬ ಹೆಸರುಗಳು ಇನ್ನೂ ಓಡಾಡುತ್ತಿವೆ. ಅವುಗಳನ್ನು ನಿಲ್ಲಿಸಲು ಆಸ್ಪತ್ರೆ ಬೇಡ, ಖರ್ಚೂ ಇಲ್ಲ. ಸ್ನೇಹಿತರೇ, ಈ ವಾರದಿಂದಲೇ ನಿಲ್ಲಿಸೋಣ. ಆಟದ ಪೀರಿಯಡ್ಡನ್ನು ಬೇರೆ ಪಾಠಕ್ಕೆ ಬಿಟ್ಟುಕೊಡದಿರಿ ಎಂದು ಉಪನ್ಯಾಸಕರಲ್ಲಿಯೂ ನನ್ನ ವಿನಂತಿ.