ಮೊದಲು ತೇಲೋದು ಕಲೀರಿ, ಕ್ಯಾಮೆರಾ ಆಮೇಲೆ!

2022ರಲ್ಲಿ ಬಂದ 'ಗಂಧದಗುಡಿ'ಯಲ್ಲಿ ಪುನೀತ್ ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿದ ಮೇಲೆ ನಮ್ಮವರಲ್ಲಿ ತುಂಬಾ ಜನಕ್ಕೆ ಸ್ಕೂಬಾ ಹುಚ್ಚು ಹತ್ತಿದೆ. ಸಂತೋಷ. ಆದರೆ ಅವರ ಮೊದಲ ಪ್ರಶ್ನೆ ಕೇಳಿದರೆ ಮೈ ಉರಿಯುತ್ತೆ ಮಾರಾಯ್ರೆ: "ನೀರೊಳಗೆ ಫೋಟೋ ತೆಗೆಯೋಕೆ ಯಾವ ಮಿರರ್‌ಲೆಸ್ ಒಳ್ಳೇದು?"

ನನ್ನ ಉತ್ತರ: ಸದ್ಯಕ್ಕೆ ಯಾವುದೂ ಬೇಡ!

ದುಬಾರಿ ಕ್ಯಾಮೆರಾ ಇದ್ದರೆ ಒಳ್ಳೆ ಫೋಟೋ ಬರುತ್ತೆ ಅನ್ನೋ ನಂಬಿಕೆ ನೆಲದ ಮೇಲೇ ಅರ್ಧ ಸುಳ್ಳು, ನೀರೊಳಗಂತೂ ಪೂರ್ತಿ ಸುಳ್ಳು. ನೀರು ಮೊದಲು ನುಂಗೋದು ಕೆಂಪು ಬಣ್ಣವನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಎಲ್ಲಾ ನೀಲಿ-ಹಸಿರು. ಇಲ್ಲದ ಬೆಳಕನ್ನು ಯಾವ ಸೆನ್ಸರ್ ತಾನೇ ಹಿಡಿದೀತು? ಅದಕ್ಕೇ ಫ್ಲಾಶ್ ಬೇಕು. ಅದನ್ನು ಲೆನ್ಸ್ ಪಕ್ಕದಲ್ಲೇ ಇಟ್ಟರೆ ನೀರಿನ ಕಣಗಳೆಲ್ಲ ಹೊಳೆದು ಫೋಟೋ ತುಂಬಾ ಹಿಮ ಸುರಿದ ಹಾಗೆ ಕಾಣುತ್ತೆ. ಝೂಮ್ ಮಾಡಿದರೂ ಉಪಯೋಗವಿಲ್ಲ, ನಡುವಿನ ನೀರು ಕಮ್ಮಿಯಾಗಲ್ಲವಲ್ಲ! ಒಂದೇ ದಾರಿ, ಕೈಗೆಟುಕುವಷ್ಟು ಹತ್ತಿರ ಹೋಗಬೇಕು.

ಅಸಲು ಸಮಸ್ಯೆ ಇರೋದೇ ಇಲ್ಲಿ. ಹತ್ತಿರ ಹೋಗಿ ಅಲುಗಾಡದೆ ತೇಲುತ್ತಾ ನಿಲ್ಲೋಕೆ ಬರಬೇಕು. ಹೊಸಬರ ಕಣ್ಣು ಸ್ಕ್ರೀನ್ ಮೇಲೆ, ಕಾಲು ಎಲ್ಲೋ. ಫಿನ್ ತಗುಲಿ ಹವಳ ಮುರಿಯುತ್ತೆ, ಇಲ್ಲಾ ಅದರ ಮೇಲೇ ಮೊಣಕಾಲೂರಿ ಕ್ಲಿಕ್! ಗುಂಡು ಹವಳಗಳು ವರ್ಷಕ್ಕೆ ಬೆಳೆಯೋದು ಒಂದು ಸೆಂಟಿಮೀಟರ್ ಆಸುಪಾಸು. ನಿಮ್ಮ ಒಂದು ಒದೆತಕ್ಕೆ ಹತ್ತಾರು ವರ್ಷದ ಬೆಳವಣಿಗೆ ಮಣ್ಣುಪಾಲು. 1972ರ ವನ್ಯಜೀವಿ ಕಾಯ್ದೆ ಹವಳಕ್ಕೂ ರಕ್ಷಣೆ ಕೊಟ್ಟಿದೆ. ಆದರೆ ನೀರಡಿ ಪೊಲೀಸರಿಲ್ಲ, ನಿಮ್ಮ ಮನಸ್ಸಾಕ್ಷಿ ಮಾತ್ರ.

ಇನ್ನೊಂದು ಅಪಾಯ ನಿಮಗೇ. ಕೈ ನಡುಗದಿರಲಿ ಅಂತ ಉಸಿರು ಹಿಡಿದು ಕ್ಲಿಕ್ ಮಾಡೋದು ನಮ್ಮ ಫೋಟೋಗ್ರಾಫರುಗಳ ಹಳೇ ಚಾಳಿ. ಸ್ಕೂಬಾದ ಮೊದಲ ನಿಯಮವೇ ಉಸಿರು ಹಿಡಿಯಬೇಡಿ ಅನ್ನೋದು. ಉಸಿರು ಕಟ್ಟಿ ಸ್ವಲ್ಪ ಮೇಲೆ ಬಂದರೂ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟಾಗಬಹುದು. ಒಂದು ಮೀನಿನ ಫೋಟೋಗೆ ಇಷ್ಟೆಲ್ಲಾ ಬೇಕಾ?

"ಹಾಗಾದ್ರೆ ಹೊಸಬರು ಫೋಟೋ ತೆಗೀಲೇಬಾರದಾ ಸ್ವಾಮಿ?" ಅಂತೀರಾ? ತೆಗೀರಿ, ಆದರೆ ಕ್ರಮವಾಗಿ. ನೇತ್ರಾಣಿಯಲ್ಲಿ ಲೈಸೆನ್ಸ್ ಇಲ್ಲದವರನ್ನು ಕೈ ಹಿಡಿದು ಇಳಿಸ್ತಾರಲ್ಲ, ಆವತ್ತು ಕ್ಯಾಮೆರಾ ಮುಟ್ಟಲೇಬೇಡಿ. ಓಪನ್ ವಾಟರ್ ಕೋರ್ಸ್ ಮುಗಿಸಿ. ಬರಿಗೈಯಲ್ಲಿ ಇಪ್ಪತ್ತು ಇಪ್ಪತ್ತೈದು ಡೈವ್ ಮಾಡಿ, ಬರೀ ಉಸಿರಿನಿಂದಲೇ ಮೇಲೆ ಕೆಳಗೆ ಆಗೋದು ರೂಢಿಯಾಗಲಿ. ಆಮೇಲೆ ಹೊಸ ಬಾಡಿ ಬೇಡ, ಇರೋ ಮಿರರ್‌ಲೆಸ್ಸಿಗೇ ಹೌಸಿಂಗ್ ಹುಡುಕಿ. ಹೌಸಿಂಗ್ ಸಾಮಾನ್ಯವಾಗಿ ಒಂದು ಮಾಡೆಲ್ಲಿಗಷ್ಟೇ ಹೊಂದುತ್ತೆ, ಎಷ್ಟೋ ಸಲ ಕ್ಯಾಮೆರಾಗಿಂತ ದುಬಾರಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಓ-ರಿಂಗ್ ಮೇಲೆ ಒಂದು ಕೂದಲೆಳೆ ಸಿಕ್ಕಿಕೊಂಡರೂ ಸಮುದ್ರ ಒಳಗೆ! ಹಾಗಾಗಿ ಮೊದಲು ಖಾಲಿ ಹೌಸಿಂಗ್ ಇಳಿಸಿ ಪರೀಕ್ಷಿಸಿ. ನಂತರ ಈಜುಕೊಳದ ತಳದಲ್ಲಿ ಒಂದು ಚಮಚ ಇಟ್ಟು, ತಳ ಮುಟ್ಟದೆ ಅದರ ಫೋಟೋ ತೆಗೀರಿ. ಅದು ಬಂದರೆ ಸಮುದ್ರಕ್ಕೆ ಹೊರಡಿ.

ಹವಳ ನಿಮ್ಮ ಫೋಟೋಗೆ ಲೈಕ್ ಕೊಡಲ್ಲ. ಅದಕ್ಕೆ ಬೇಕಿರೋದು ನಿಮ್ಮ ಕಾಲು ದೂರ ಇರೋದಷ್ಟೇ.

ಏನಂತೀರಿ? ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ :-)