ಬೋರ್ಡು ಓದದೆ ಬಸ್ ಹತ್ತಿದರೆ?

ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಎಕ್ಸ್‌ರೇ ಕವರು, ಚೀಲದ ತುಂಬ ರಿಪೋರ್ಟು ಹಿಡಿದು ಕೂತವರು ಒಬ್ಬಿಬ್ಬರಾದರೂ ಇರುತ್ತಾರೆ. ಎಲ್ಲಿಗೆ ಎಂದು ಕೇಳಬೇಕಾಗಿಲ್ಲ. ಬೆಳಗಾದರೆ ಕಿದ್ವಾಯಿಯಲ್ಲಿ ಕ್ಯೂ ನಿಲ್ಲಬೇಕು.

ಹೋದ ವಾರ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಕೂತಿದ್ದಾಗ ಇದೇ ಮಾತು ಬಂತು. ಯಜಮಾನರ ಷಡ್ಡಕರಿಗೆ ಶ್ವಾಸಕೋಶದ ಕ್ಯಾನ್ಸರ್. ಬೀಡಿ ಸಿಗರೇಟು ಮುಟ್ಟಿದವರಲ್ಲ. "ಇದೇ ಕಾಯಿಲೆ ಇದ್ದ ಇನ್ನೊಬ್ಬರಿಗೆ ಬರೇ ಗುಳಿಗೆ ಕೊಟ್ಟಾರಂತೆ, ಎದ್ದು ಓಡಾಡ್ತಿದಾರೆ. ಇವರಿಗೆ ಮಾತ್ರ ಮೇಣದ ಬ್ಲಾಕ್ ತನ್ನಿ, ಜೀನ್ ಟೆಸ್ಟ್ ಆಗ್ಬೇಕು ಅಂತಾರೆ. ದುಡ್ಡು ಹೊಡೆಯೋ ದಾರಿ ಅಲ್ವೇನ್ರೀ ಇದು?" ಎಂದರು.

ಅನುಮಾನ ಸಹಜ. ಆಸ್ಪತ್ರೆ ಬಿಲ್ಲಿನಲ್ಲಿ ಕೈ ಸುಟ್ಟುಕೊಂಡ ಜನ ನಾವು. ಆದರೆ ಈ ಒಂದು ವಿಷಯದಲ್ಲಿ ಯಜಮಾನರ ಲೆಕ್ಕ ತಪ್ಪು.

ಬಸ್ ಸ್ಟ್ಯಾಂಡಿನಲ್ಲಿ ನಿಂತ ಕೆಂಪು ಬಸ್ಸುಗಳೆಲ್ಲ ನೋಡಲು ಒಂದೇ. ಬೋರ್ಡು ಓದದೆ ಹತ್ತಿದರೆ ಹರಿಹರಕ್ಕೆ ಹೋಗಬೇಕಾದವನು ಚನ್ನಗಿರಿಯಲ್ಲಿ ಇಳಿಯುತ್ತಾನೆ. ಶ್ವಾಸಕೋಶದ ಗಡ್ಡೆಯೂ ಹಾಗೇ. ಮೈಕ್ರೋಸ್ಕೋಪಿನಲ್ಲಿ ಒಂದೇ ತರಹ ಕಂಡರೂ ಅದನ್ನು ಬೆಳೆಸುತ್ತಿರುವ ಜೀನಿನ ದೋಷ ಬೇರೆ ಬೇರೆ. ಇಜಿಎಫ್‌ಆರ್ ಎಂಬ ಜೀನ್ ಕೆಟ್ಟರೆ 'ಬೆಳೆ, ಬೆಳೆ' ಎಂಬ ಹುಕುಂ ನಿಲ್ಲುವುದೇ ಇಲ್ಲ. ಆ ಹುಕುಮಿಗೆ ತಡೆ ಹಾಕುವ ಗುಳಿಗೆಯ ಹೆಸರು ಜೆಫಿಟಿನಿಬ್. (ಈ ದೋಷ ಸಾಮಾನ್ಯವಾಗಿ ಗಡ್ಡೆಯೊಳಗೇ ಹುಟ್ಟಿದ್ದು, ಅಪ್ಪ-ಅಮ್ಮನಿಂದ ಬಂದದ್ದಲ್ಲ. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರೆ ಸುಮ್ಮನೆ ಗಾಬರಿಪಡಬೇಡಿ.)

2003ರಲ್ಲಿ ಈ ಗುಳಿಗೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಾಗ ಡಾಕ್ಟರುಗಳಿಗೇ ತಲೆಬುಡ ತಿಳಿದಿರಲಿಲ್ಲ. ಹತ್ತರಲ್ಲಿ ಒಬ್ಬರಿಗೆ ಪವಾಡ, ಉಳಿದವರಿಗೆ ನೀರು ಕುಡಿದ ಹಾಗೆ! 2004ರಲ್ಲಿ ಬಾಸ್ಟನ್ನಿನ ಸಂಶೋಧಕರು ಗುಣ ಕಂಡವರ ಗಡ್ಡೆಯನ್ನೇ ಪರೀಕ್ಷಿಸಿದರು. ಗುಟ್ಟು ಅಲ್ಲಿತ್ತು, ಆ ಜೀನಿನ ದೋಷದಲ್ಲಿ.

ಆಮೇಲೆ ಪೂರ್ವ ಏಷ್ಯಾದ ದೇಶಗಳಲ್ಲಿ 1,217 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2009ರಲ್ಲಿ ಹೊರಬಂತು. ವ್ಯಾಪಾರಸ್ಥರು ಅಂಕಿ ಗಮನಿಸಬೇಕು. ಜೀನ್ ಪರೀಕ್ಷೆ ಆಗಿದ್ದವರನ್ನು ವಿಂಗಡಿಸಿ ನೋಡಿದರೆ, ದೋಷ ಇದ್ದು ಜೆಫಿಟಿನಿಬ್ ನುಂಗಿದವರಲ್ಲಿ ನೂರಕ್ಕೆ 71 ಮಂದಿಯ ಗಡ್ಡೆ ಕುಗ್ಗಿತ್ತು. ದೋಷ ಇಲ್ಲದೆ ಅದೇ ಗುಳಿಗೆ ನುಂಗಿದವರಲ್ಲಿ? ನೂರಕ್ಕೆ ಒಂದು! ಅಂಥವರಲ್ಲೇ ಕಿಮೋ ಪಡೆದವರಿಗೆ ನೂರಕ್ಕೆ 23ರಷ್ಟು ಮಂದಿಗೆ ಉಪಯೋಗವಾಗಿತ್ತು.

ಅಂದರೆ ಪಕ್ಕದ ಮನೆಯವರಿಗೆ ಹಿಡಿಸಿತೆಂದು ಅದೇ ಗುಳಿಗೆ ತಂದು ನುಂಗಿಸುವುದೆಂದರೆ ಕಿಮೋ ಕೊಡಬೇಕಾದ ತಿಂಗಳುಗಳನ್ನು ಕೈಯಾರೆ ಕಳೆದುಕೊಳ್ಳುವುದು. ಷಡ್ಡಕರಿಗೆ ಇಷ್ಟು ತಿಳಿದರೆ ಸಾಕು.

ಗುಳಿಗೆ ಸಿಕ್ಕವರೂ ಗೆದ್ದೆವೆಂದು ಕೂರುವ ಹಾಗಿಲ್ಲ. ಹರಡಿದ ರೋಗವನ್ನು ಅದು ಬುಡಸಮೇತ ಕೀಳುವುದಿಲ್ಲ, ಕೆಲವು ಕಾಲ ಹಿಡಿದಿಡುತ್ತದೆ. ಮುಂಬಯಿಯ ಟಾಟಾ ಆಸ್ಪತ್ರೆಯವರು ದೋಷ ಇದ್ದ 350 ರೋಗಿಗಳ ಮೇಲೆ ಮಾಡಿದ ಪ್ರಯೋಗ 2020ರಲ್ಲಿ ಅಚ್ಚಾಯಿತು. ಬರೇ ಜೆಫಿಟಿನಿಬ್ ರೋಗವನ್ನು ಸುಮಾರು 8 ತಿಂಗಳು ತಡೆದರೆ, ಜೊತೆಗೆ ಕಿಮೋ ಸೇರಿಸಿದಾಗ 16 ತಿಂಗಳು. ಕಿಮೋದ ಉಪದ್ರವ ಮಾತ್ರ ಹೆಚ್ಚು.

ನಮ್ಮ ದೇಶದಲ್ಲಿ ಶ್ವಾಸಕೋಶದ ಅಡಿನೋಕಾರ್ಸಿನೋಮ ಬಂದವರಲ್ಲಿ ಸುಮಾರು ನಾಲ್ವರಿಗೊಬ್ಬರಿಗೆ ಈ ದೋಷವಿದೆ. ಹೊಗೆ ಸೇದದವರಲ್ಲಿ, ಹೆಂಗಸರಲ್ಲಿ ಜಾಸ್ತಿ. ಜೆಫಿಟಿನಿಬ್ಬನ್ನು ಭಾರತದ ಕಂಪನಿಗಳೇ ತಯಾರಿಸುತ್ತವೆ, ಕೇಂದ್ರದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಅದು ಸೇರಿದೆ. ಇದೇ ಜಾತಿಯ ಹೊಸ, ದುಬಾರಿ ಗುಳಿಗೆ ಒಸಿಮರ್ಟಿನಿಬ್ ಮೇಲಿನ ಕಸ್ಟಮ್ಸ್ ಸುಂಕವನ್ನು 2024ರ ಜುಲೈ ಬಜೆಟ್‌ನಲ್ಲಿ ತೆಗೆದುಹಾಕಿದರು. ಅದೇ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ತೆರಿಗೆಯನ್ನು 12ರಿಂದ 5ಕ್ಕೆ ಇಳಿಸಿತು.

ಬಹಳ ಸಂತೋಷ. ಆದರೆ ಬೋರ್ಡು ಓದಿಸುವ ಖರ್ಚು ಯಾರ ತಲೆಗೆ? ಒಂದು ಜೀನ್ ನೋಡಿಸಲು ಸಾವಿರಗಟ್ಟಲೆ, ಹಲವು ಜೀನ್ ಒಟ್ಟಿಗೆ ನೋಡಿಸಲು ಹತ್ತಾರು ಸಾವಿರ. ಕೂಲಿ ಮಾಡುವವನು ಅಲ್ಲೇ ವಾಪಸ್ ಬಸ್ ಹತ್ತುತ್ತಾನೆ. ಔಷಧಿಗೆ ದುಡ್ಡು ಕೊಡುವ ಸರ್ಕಾರ ಯಾವ ಔಷಧಿ ಎಂದು ಹೇಳುವ ಪರೀಕ್ಷೆಗೆ ಕೈ ಹಿಂದೆ ಸರಿಸಿದರೆ ಆ ದುಡ್ಡೂ ಹೊಳೆಗೆ ಹಾಕಿದಂತೆಯೇ. ಜಿಲ್ಲಾ ಆಸ್ಪತ್ರೆಗಳಲ್ಲೇ ಬ್ಲಾಕ್ ಸಂಗ್ರಹಿಸಿ ಲ್ಯಾಬಿಗೆ ಕಳಿಸುವ ಏರ್ಪಾಡು ಮಾಡಲು ದೊಡ್ಡ ಕಟ್ಟಡವೇನೂ ಬೇಕಿಲ್ಲ, ನಮ್ಮ ಶಾಸಕರಿಗೆ ಕಲ್ಲು ಹಾಕುವ ಸಮಾರಂಭ ತಪ್ಪುತ್ತದೆ, ಅಷ್ಟೆ.

ಅಲ್ಲಿಯವರೆಗೆ ಮನೆಯವರೇ ಎಚ್ಚರವಾಗಿರಬೇಕು. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಅದೇ ಬ್ಲಾಕ್. ಬರೇ ರಿಪೋರ್ಟು ಹಿಡಿದು ಹೋದರೆ ಸಾಲದು, ರಸೀದಿ ಕೊಟ್ಟು ಅದನ್ನೂ ಪಡೆಯಿರಿ. ಕಳೆದರೆ ಅಥವಾ ಚೂರು ಸಾಲದೆ ಬಂದರೆ ಮತ್ತೆ ಎದೆಗೆ ಸೂಜಿ ಚುಚ್ಚಿಸಿಕೊಳ್ಳಬೇಕಾದೀತು. ಕೆಲವರಿಗೆ ರಕ್ತದಲ್ಲೂ ಈ ದೋಷ ಪತ್ತೆ ಮಾಡಬಹುದು, ಆದರೆ ರಕ್ತದಲ್ಲಿ ಕಾಣಲಿಲ್ಲವೆಂದರೆ ಗಡ್ಡೆಯಲ್ಲಿಲ್ಲ ಎಂದಲ್ಲ. ಆಯುಷ್ಮಾನ್ ಕಾರ್ಡಿದ್ದರೆ ಈ ಟೆಸ್ಟ್ ಅದರಲ್ಲಿ ಸೇರುತ್ತದೆಯೇ ಎಂದು ಮೊದಲೇ ಕೇಳಿ.

ಇಷ್ಟು ಹೇಳುವಷ್ಟರಲ್ಲಿ ಯಜಮಾನರು ಗಿರಾಕಿಯನ್ನು ಬಿಟ್ಟು ಷಡ್ಡಕರ ಮಗನಿಗೆ ಫೋನು ಹಚ್ಚಿದರು. ಬ್ಲಾಕ್ ಇನ್ನೂ ಬಯಾಪ್ಸಿ ಮಾಡಿದ ಲ್ಯಾಬಿನ ಬೀರುವಿನಲ್ಲೇ ಇತ್ತು.